ನಿರಾಕ್ಷೇಪಣಾ ಪತ್ರ

ಆಗಸ್ಟ್ 18, 2025, ಸೋಮವಾರ. ಬೆಳಿಗ್ಗೆ 8.40

ಸ್ಟಾಫ್ ರೂಮ್. ಕೈಯಲ್ಲಿ ಇನ್ನೂ ಸುಣ್ಣ. ಕಬಡ್ಡಿ ಗ್ರೌಂಡಿನ ಗೆರೆ ನಾನೇ ಎಳೆಯಬೇಕು, ಬೇರೆಯವರು ಎಳೆದರೆ ಸೊಟ್ಟ.

ಇವತ್ತು ರೇಡ್ ಇಲ್ಲ, ಬರೀ ಹಿಡಿತ. ಒಂದು ಗಂಟೆ ಪೂರ್ತಿ ಆಂಕಲ್ ಹೋಲ್ಡ್, ಬಂದವಳ ಕಾಲ ಗಿಣ್ಣು ಹಿಡಿಯುವುದು. ಪ್ರಜ್ಞಾ ಮೂರು ಸಲ ಮೊಣಕೈ ತರಚಿಕೊಂಡಳು. ನಾಲ್ಕನೇ ಸಲ ಸರಿಯಾಗಿ ಬಿದ್ದಳು. ಮೊದಲು ಬೀಳುವುದನ್ನೇ ಕಲಿಸಬೇಕು. ಒಂಬತ್ತನೇ ಕ್ಲಾಸಿನ ಹುಡುಗಿ, ನೋಡಲು ಪುಟ್ಟಿ, ಎಡ ಮೂಲೆಯಲ್ಲಿ ನಿಂತರೆ ಆ ಮೂಲೆಗೆ ಚಿಲಕ ಹಾಕಿದ ಹಾಗೆ. ನಾನು ಆಡುತ್ತಿದ್ದಾಗ ಅದು ನನ್ನ ಜಾಗ.

ಕಳೆದ ವಾರ ತಾಲ್ಲೂಕು ಮಟ್ಟ ಗೆದ್ದೆವು. 31–18. ಹೆಡ್‌ಮಾಸ್ಟರು ಬೋರ್ಡಿನ ಮೇಲೆ ಬಣ್ಣದ ಚಾಕ್‌ನಲ್ಲಿ ಬರೆಸಿದ್ದಾರೆ. ಕೆಳಗೆ: ತರಬೇತಿ — ಮಾಲಿನಿ, ಅತಿಥಿ ದೈಹಿಕ ಶಿಕ್ಷಕಿ. ‘ಅತಿಥಿ’ ಅನ್ನುವುದನ್ನು ಯಾರೋ ಬೆರಳಲ್ಲಿ ಒರೆಸಿದ್ದಾರೆ. ಯಾರು ಅಂತ ಗೊತ್ತು. ಬೈಯಲಿಲ್ಲ.

ಗಂಗಾಧರಯ್ಯ ಸರ್ ಎರಡು ಸಲ ಫೋನ್ ಮಾಡಿದ್ದರು. ಎತ್ತಲಾಗಲಿಲ್ಲ. ಈಗ ಮೆಸೇಜ್ ನೋಡಿದೆ. ತೀರ್ಥೇಶ್ ಶುಕ್ರವಾರ ಶಿವಮೊಗ್ಗ ಜೈಲಿನಿಂದ ಬಿಡುಗಡೆಯಾದ, ಬೇರೆಯವರ ಬಾಯಿಂದ ನಿನಗೆ ಗೊತ್ತಾಗುವುದು ಬೇಡ ಅಂತ ಹೇಳುತ್ತಿದ್ದೇನೆ.

ಬೆಲ್ ಆಯಿತು.

ಅದೇ ದಿನ. ಸಂಜೆ 6

ಒಂದು ಸಲ ಪೂರ್ತಿ ಬರೆದುಬಿಡುತ್ತೇನೆ. ಕೋರ್ಟಿನ ಕಾಗದದಲ್ಲಿ ಎಲ್ಲ ಇದೆ, ಆದರೆ ಅದು ಅವರ ಭಾಷೆ.

2021, ಡಿಸೆಂಬರ್ 11. ಕಡೂರಿನಲ್ಲಿ ಕ್ಯಾಂಪ್ ಮುಗಿಸಿ ಸ್ಕೂಟಿಯಲ್ಲಿ ಅಜ್ಜಂಪುರಕ್ಕೆ ವಾಪಸ್ ಬರುತ್ತಿದ್ದೆ. ವಯಸ್ಸು ಇಪ್ಪತ್ತೆರಡು. ರಾಜ್ಯ ತಂಡದ ಕ್ಯಾಂಪಿಗೆ ಹೆಸರು ಬಂದಿತ್ತು. ಬೀರೂರು ದಾಟಿ ಸ್ವಲ್ಪ ದೂರ. ಆಗಷ್ಟೇ ಮಬ್ಬು. ಎದುರಿನಿಂದ ಬಿಳಿ ಕಾರು ರಸ್ತೆಯ ಈ ಬದಿಗೆ ಬಂತು. ಆಮೇಲೆ ಬಾಯಿ ತುಂಬ ಮಣ್ಣು. ಎಡಗಾಲು ಎಲ್ಲಿರಬೇಕೋ ಅಲ್ಲಿರಲಿಲ್ಲ.

ಕಾರಿನಿಂದ ಒಬ್ಬ ಇಳಿದ. ಹೆಡ್‌ಲೈಟಿನ ಮುಂದೆ ನಿಂತು ನನ್ನನ್ನು ನೋಡಿದ. ತೀರ್ಥೇಶ. ಕಡೂರಿನವನು, ಲೀಗಿನಲ್ಲಿ ಆಡುವ ರೇಡರ್, ಬಸ್‌ಸ್ಟಾಂಡಿನಲ್ಲಿ ಅವನ ಆಳೆತ್ತರದ ಫ್ಲೆಕ್ಸ್ ಇತ್ತು. ಅವನಿಗೂ ನನಗೂ ಕಬಡ್ಡಿ ಕಲಿಸಿದವರು ಒಬ್ಬರೇ — ಗಂಗಾಧರಯ್ಯ ಸರ್. ನೋಡಿದ. ತಿರುಗಿದ. ಕಾರು ಹತ್ತಿ ಹೋದ. ಕುಡಿದಿದ್ದ ಅಂತ ಸಾಬೀತಾಗಲಿಲ್ಲ. ಓಡಿಹೋದವನ ಉಸಿರನ್ನು ಯಾರು ಪರೀಕ್ಷೆ ಮಾಡುತ್ತಾರೆ. ನನ್ನನ್ನು ಎತ್ತಿ ಆಸ್ಪತ್ರೆಗೆ ಹಾಕಿದವರು ಹಾಲಿನ ವ್ಯಾನಿನವರು.

ಮರುದಿನ ಚಿಕ್ಕಬೀರಪ್ಪ ಅನ್ನುವವನು ಸ್ಟೇಷನ್ನಿಗೆ ಹೋಗಿ, ಓಡಿಸುತ್ತಿದ್ದವನು ನಾನೇ ಅಂದ. ತೀರ್ಥೇಶನ ಅಪ್ಪ ಕರಿಯಪ್ಪನವರಿಗೆ ತೆಂಗಿನ ತೋಟವಿದೆ; ಅಲ್ಲಿ ಇವನು ಒಂಬತ್ತು ವರ್ಷದಿಂದ ಡ್ರೈವರ್. ನಾನು ಅಲ್ಲ ಅಂದೆ. ನೋವಿನ ಇಂಜೆಕ್ಷನ್ ಮತ್ತಿನಲ್ಲಿ ಏನೋ ಹೇಳುತ್ತಿದ್ದಾಳೆ ಅಂದರು. ಅವನ ಕಡೆಯವರು ರಾಜಿಗೆ ಬಂದರು. ಊರಿನ ಹುಡುಗ, ಊರಿನ ಹೆಸರು ಅಂದರು. ನಾನು ಯಾವ ಊರಿನವಳೋ.

ಕೋರ್ಟಿನಲ್ಲಿ ಅವನ ವಕೀಲರು ಕೇಳಿದರು, ಆ ಮಬ್ಬಿನಲ್ಲಿ ಮುಖ ಹೇಗೆ ಕಂಡಿತಮ್ಮ ಅಂತ. ಮುಖ ಬಿಡಿ ಸ್ವಾಮಿ, ಕಾಲು ಕಂಡಿತು ಅಂದೆ. ಎಂಟು ವರ್ಷ ಅವನ ಆಟ ನೋಡಿದ್ದೇನೆ, ತಿರುಗುವ ಮುಂಚೆ ಬಲಗಾಲಿನ ಹಿಮ್ಮಡಿ ಎತ್ತುತ್ತಾನೆ, ಅವತ್ತೂ ಎತ್ತಿದ. ಜಡ್ಜ್ ಅದನ್ನು ಬರೆದುಕೊಳ್ಳಲು ಹೇಳಿದರು. ಮುಂದಿನ ತಾರೀಖಿನಲ್ಲಿ ಚಿಕ್ಕಬೀರಪ್ಪನೂ ಕಟಕಟೆಯಲ್ಲಿ ನಿಂತು ನಿಜ ಹೇಳಿದ. ಶಿಕ್ಷೆಯಾಯಿತು. ಹದಿನೆಂಟು ತಿಂಗಳು. ಅಪೀಲು ಬಿದ್ದುಹೋದ ಮೇಲೆ ಹೋದ ವರ್ಷ ಫೆಬ್ರವರಿಯಲ್ಲಿ ಒಳಗೆ ಹೋದ.

ಹಿಮ್ಮಡಿಯ ಮಾತು ತೀರ್ಪಿನ ಹನ್ನೊಂದನೇ ಪುಟದಲ್ಲಿದೆ. ನನ್ನ ಯಾವ ಮೆಡಲಿಗಿಂತಲೂ ಅದು ದೊಡ್ಡದು. ಹೇಳಿಕೊಳ್ಳಲು ನಾಚಿಕೆಯಿಲ್ಲ.

ಆಗಸ್ಟ್ 24, ಭಾನುವಾರ

ಸರ್ ಮನೆಗೆ ಬಂದಿದ್ದರು. ರಿಟೈರ್ ಆದ ಮೇಲೆ ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಕಡೆಯ ಕಬಡ್ಡಿ ಬಳಗಕ್ಕೆ ಅವರೇ ಅಧ್ಯಕ್ಷರು. ಅವ್ವ ಕಾಫಿ ಕೊಟ್ಟು ಬಾಗಿಲ ಹತ್ತಿರ ನಿಂತಳು. ಕೂತುಕೊಳ್ಳಲಿಲ್ಲ.

ವಿಷಯ ಇಷ್ಟು. ನವೆಂಬರಿನಲ್ಲಿ ತರೀಕೆರೆಯಲ್ಲಿ ಓಪನ್ ಟೂರ್ನಮೆಂಟ್. ಲೀಗಿನವರು ನೋಡಲು ಬರುತ್ತಾರೆ. ತೀರ್ಥೇಶ ಆಡಬೇಕು ಅಂತ ಅರ್ಜಿ ಕೊಟ್ಟಿದ್ದಾನೆ. ಬಳಗದಲ್ಲಿ ಅರ್ಧ ಜನ ಬೇಡ, ಅರ್ಧ ಜನ ಬೇಕು. ಕೊನೆಗೆ ಮಾಲಿನಿ ನಿರಾಕ್ಷೇಪಣಾ ಪತ್ರ ಕೊಟ್ಟರೆ ಆಡಲಿ ಅಂತ ತೀರ್ಮಾನ. ಪತ್ರ ಟೈಪ್ ಮಾಡಿಸಿಯೇ ತಂದಿದ್ದರು. ನನ್ನ ಹೆಸರಿನ ಕೆಳಗೆ ಚುಕ್ಕೆ ಚುಕ್ಕೆ. ಮೂರು ಸಾಲು. ಎರಡನೇ ಸಾಲಿನಲ್ಲಿ ‘ಮನಃಪೂರ್ವಕವಾಗಿ ಕ್ಷಮಿಸಿರುತ್ತೇನೆ’.

ಸರ್ ದನಿ ತಗ್ಗಿಸಿ ಹೇಳಿದರು. “ಅವನಿಗೆ ಇಪ್ಪತ್ತೆಂಟು ಕಣಮ್ಮ. ಈ ವರ್ಷ ತಪ್ಪಿದ್ರೆ ಅವನ ಆಟ ಮುಗೀತು.”

“ನಂದು ಇಪ್ಪತ್ತೆರಡಕ್ಕೇ ಮುಗೀತು ಸರ್.”

ಸಾಸರ್ ನೋಡುತ್ತ ಕೂತರು. ಅವರ ಮೇಲೆ ಕೋಪವಿಲ್ಲ. ಆಪರೇಷನ್ ಆದ ಮೇಲೆ ಮನೆಯಲ್ಲಿ ಮಲಗಿದ್ದವಳನ್ನು ಬಂದು ಎಬ್ಬಿಸಿದವರು ಅವರೇ. ಆಡೋಕ್ ಆಗದಿದ್ರೆ ಆಡ್ಸು ಅಂದವರು. ಆದರೆ ಬಳಗದವರ ಮೇಲೆ ಇದೆ. ತೀರ್ಮಾನ ಮಾಡುವ ಧೈರ್ಯ ಅವರಿಗಿಲ್ಲ. ನನ್ನ ಸಹಿಯ ಹಿಂದೆ ಬಚ್ಚಿಟ್ಟುಕೊಳ್ಳಬೇಕು. ಕೊಟ್ಟರೆ ನಾನು ದೇವತೆ, ಕೊಡದಿದ್ದರೆ ಕಲ್ಲು ಮನಸ್ಸಿನವಳು.

ಚಿಕ್ಕಬೀರಪ್ಪನ ಕೇಳಿದಿರಾ ಅಂದೆ. ಅವನನ್ನು ಯಾಕೆ ಅಂದರು. ಕಾಗದ ವಾಪಸ್ ಕಳಿಸಿದೆ.

ಅವರು ಹೋದ ಮೇಲೆ ಅವ್ವನನ್ನು ಕೇಳಿದೆ, ನೀನೇನು ಹೇಳುತ್ತೀಯ. ಲೋಟ ತೊಳೆಯುತ್ತಲೇ ಹೇಳಿದಳು, “ನಿನ್ನ ಕಾಲು, ನಿನ್ನ ಮಾತು. ನಾನ್ ಯಾರು ನಡುವೆ.”

ಸೆಪ್ಟೆಂಬರ್ 7, ಭಾನುವಾರ

ಹದಿನಾಲ್ಕು ದಿನ ಬರೆದಿಲ್ಲ. ಬರೆಯಲು ಪುರುಸೊತ್ತಿರಲಿಲ್ಲ, ಇವತ್ತು ಬರೆಯದೆ ಇರಲಾಗದು.

ನಿನ್ನೆ ಚಿಕ್ಕಮಗಳೂರು. ಜಿಲ್ಲಾ ಮಟ್ಟ. ಗೆದ್ದೆವು!! ಅಜ್ಜಂಪುರದ ಹೆಣ್ಣುಮಕ್ಕಳು ಜಿಲ್ಲೆ ಗೆದ್ದಿರುವುದು ಇದೇ ಮೊದಲಂತೆ. ಫೈನಲ್ 27–26. ಕೊನೆಯ ರೇಡ್‌ನಲ್ಲಿ ಎದುರು ಟೀಮಿನ ದೊಡ್ಡ ಹುಡುಗಿ ನಮ್ಮ ಮೂವರನ್ನು ಎಳೆದುಕೊಂಡೇ ಗೆರೆಯ ತನಕ ಹೋದಳು. ನಾಲ್ಕನೆಯವಳಾಗಿ ಪ್ರಜ್ಞಾ ಅವಳ ಕಾಲಿಗೆ ಬಿದ್ದಳು. ಬೆರಳು ಗೆರೆಗೆ ಒಂದು ಗೇಣು ದೂರ. ಸೀಟಿ.

ನಾನು ಏನು ಮಾಡಿದೆ ನೆನಪಿಲ್ಲ. ಸ್ಟೂಲ್ ಮುರಿದಿದೆಯಂತೆ.

ಬಸ್ಸಿನಲ್ಲಿ ಕಂಡಕ್ಟರ್ ಕೇಳಿದ, ಯಾವ ಊರ್ ಟೀಮಮ್ಮ. ಹನ್ನೊಂದು ಜನ ಒಟ್ಟಿಗೆ ಅಜ್ಜಂಪುರ ಅಂದರು. ನಾನೂ ಅಂದೆ, ಎಲ್ಲರಿಗಿಂತ ಜೋರಾಗಿ.

ಮುಂದೆ ಮೈಸೂರಿನಲ್ಲಿ ವಿಭಾಗ ಮಟ್ಟ. ಅಲ್ಲಿಯ ರೇಡರ್‌ಗಳು ಉದ್ದ ಕಾಲಿನವರು. ನಮ್ಮಲ್ಲಿ ಪ್ರಾಕ್ಟೀಸಿಗೆ ಅಂಥವರಿಲ್ಲ. ಯೋಚನೆ ಮಾಡಬೇಕು.

ಸೆಪ್ಟೆಂಬರ್ 11, ಗುರುವಾರ. ಬೆಳಿಗ್ಗೆ 8

ಬಂದಿದ್ದ.

ಆರೂವರೆಗೆ ನೋಡಿದರೆ ಕಾಂಪೌಂಡಿನ ಆಚೆ ಬೈಕ್ ಪಕ್ಕ ನಿಂತಿದ್ದಾನೆ. ಸಣ್ಣಗಾಗಿದ್ದಾನೆ. ಕೂದಲು ಕಿವಿಯ ಹತ್ತಿರ ಬೆಳ್ಳಗೆ. ಹುಡುಗಿಯರಿಗೆ ಗ್ರೌಂಡ್ ಸುತ್ತ ಓಡಲು ಹೇಳಿ ನಾನೇ ಗೇಟಿನ ತನಕ ಹೋದೆ. ಬೇಕಂತಲೇ ನಿಧಾನವಾಗಿ. ನಾನು ನಡೆಯುವುದನ್ನು ಅವನು ಪೂರ್ತಿ ನೋಡಲಿ ಅಂತ. ನೋಡಿದ. ಕಣ್ಣು ತೆಗೆಯಲಿಲ್ಲ. ಅಷ್ಟು ಮೆಚ್ಚಬೇಕು.

“ಕ್ಷಮಿಸು ಅಂತ ಕೇಳಕ್ ಬಂದಿಲ್ಲ” ಅಂದ.

“ಮತ್ತೆ?”

“ಆಡ್ಬೇಕು. ಇನ್ನೇನೂ ಬರಲ್ಲ ನಂಗೆ. ನೀನ್ ಬೇಡ ಅಂದ್ರೆ ಆಡಲ್ಲ. ಅಷ್ಟ್ ಹೇಳಕ್ಕೆ ಬಂದೆ.”

ಆಮೇಲೆ ಇನ್ನೊಂದು ಮಾತು ತೆಗೆದ. ನಿನ್ನ ಮಕ್ಕಳ ಆಟ ಕೇಳಿದ್ದೇನೆ, ಮೈಸೂರಿಗೆ ಹೋಗುವ ತನಕ ದಿನಾ ಬಂದು ರೇಡ್ ತೋರಿಸಿಕೊಡುತ್ತೇನೆ, ಮುಟ್ಟುವುದಿಲ್ಲ, ಗೆರೆಯಾಚೆಯಿಂದಲೇ. ಗಂಗಾಧರಯ್ಯ ಸರ್ ಕೂಡ ಒಳ್ಳೆಯದು ಅಂದರಂತೆ. ಜನ ನೋಡುತ್ತಾರೆ, ಅವನು ಬದಲಾಗಿದ್ದಾನೆ ಅಂತ ಗೊತ್ತಾಗುತ್ತದೆ ಅಂತ ಅವರ ಲೆಕ್ಕ.

ನಮಗೆ ಉದ್ದ ಕಾಲಿನ ರೇಡರ್ ಬೇಕಿತ್ತು. ಅವನಿಗಿಂತ ಒಳ್ಳೆಯವನು ಈ ಜಿಲ್ಲೆಯಲ್ಲಿಲ್ಲ. ಒಂದು ನಿಮಿಷ ಆಸೆ ಆಯಿತು. ನಿಜ ಬರೆಯಬೇಕು, ಆಯಿತು.

ಬೇಡ ಅಂದೆ. ನನ್ನ ಹುಡುಗಿಯರು ನಿನ್ನ ಕೊಳೆ ತೊಳೆಯುವ ಬಚ್ಚಲಲ್ಲ ಅಂದೆ. ಅವರು ಜಿಲ್ಲೆ ಗೆದ್ದವರು. ಅವರ ಪಕ್ಕ ನಿಂತು ನೀನು ಒಳ್ಳೆಯವನಾಗಿ ಕಾಣಿಸಿಕೊಳ್ಳುವುದು ಬೇಡ. ನೀನು ಸರಿಮಾಡಬೇಕಾದ್ದು ಬೇರೆ ಕಡೆ ಇದೆ.

“ಚಿಕ್ಕಬೀರಪ್ಪನ ಮನೆಗೆ ಹೋಗಿದ್ಯಾ?”

ತಲೆ ಅಲ್ಲಾಡಿಸಿ ಬೈಕ್ ಹತ್ತಿದ. ಹೋಗಿರಲಿಲ್ಲ.

ಬೈಕ್ ಹೋದ ಮೇಲೆ ಪ್ರಜ್ಞಾ ಬಂದು ಕೇಳಿದಳು, ಮಿಸ್ ಅದು ಅವ್ರೇನಾ. ಹೂಂ ಅಂದೆ. ಕಾಲು ಚೆನ್ನಾಗಿ ಬೆಳೆಸಿದಾರೆ ಅಂದಳು. ಡಿಫೆಂಡರ್ ಕಣ್ಣು. ಕಲಿಸಿ ಬರುವಂಥದ್ದಲ್ಲ ಅದು.

ಸೆಪ್ಟೆಂಬರ್ 21, ಭಾನುವಾರ

ಲಕ್ಕವಳ್ಳಿಗೆ ಹೋಗಿ ಬಂದೆ. ತರೀಕೆರೆಯಲ್ಲಿ ಬಸ್ ಬದಲಾಯಿಸಿ. ಮೊಣಕಾಲು ಊದಿದೆ. ಹೋದದ್ದು ಒಳ್ಳೆಯದಾಯಿತು.

ಚಿಕ್ಕಬೀರಪ್ಪ ಡ್ಯಾಮಿನ ಕೆಳಗೆ ಯಾರದೋ ಮೀನುಮರಿ ಸಾಕುವ ಹೊಂಡಗಳಿಗೆ ಕಾವಲುಗಾರ. ನಲವತ್ತೈದು ದಾಟಿದ್ದಾನೆ. ನನ್ನನ್ನು ಕಂಡು ಎದ್ದು ನಿಂತ, ಚಾಪೆ ಹಾಸಿದ, ನಾನು ನೆಲದಲ್ಲಿ ಕೂರಲಾರೆ ಅಂತ ನೆನಪಾಗಿ ಓಡಿಹೋಗಿ ಕುರ್ಚಿ ತಂದ. ಅವನ ಹೆಂಡತಿ ಮಂಡಕ್ಕಿ ಒಗ್ಗರಣೆ ಮಾಡಿಕೊಟ್ಟಳು.

ತೀರ್ಥೇಶ ಮೊನ್ನೆ ಬಂದಿದ್ದನಂತೆ. ಹೆಂಡತಿ ಮಗಳ ಎದುರಿಗೇ, ತಪ್ಪಾಯ್ತು ಬೀರಣ್ಣ ಅಂತ ಕೈ ಹಿಡಿದುಕೊಂಡನಂತೆ. ಮತ್ತೇನು ಬೇಕು ಅಂತ ನನಗೇ ಅನ್ನಿಸಿತು. ಆದರೆ ಚಿಕ್ಕಬೀರಪ್ಪನ ಮುಖದಲ್ಲಿ ಸಮಾಧಾನ ಇರಲಿಲ್ಲ.

ಕೇಳುತ್ತ ಹೋದಂತೆ ಗೊತ್ತಾಯಿತು. ಕೋರ್ಟಿನಲ್ಲಿ ನಿಜ ಹೇಳಿದ ಮೇಲೆ ಕಡೂರಿನಲ್ಲಿ ಇವನಿಗೆ ಮನೆಮುರುಕ ಅಂತ ಹೆಸರಾಯಿತು. ನಾನೂ ನಮ್ಮ ಮನೆಯವರೂ ಹೇಳಿಕೊಟ್ಟು ಇವನನ್ನು ತಿರುಗಿಸಿದೆವು ಅಂತ ಹಬ್ಬಿಸಿದರು. ಲಾರಿ ಮಾಲೀಕರು ಯಾರೂ ಸ್ಟೇರಿಂಗ್ ಕೊಡಲಿಲ್ಲ. ಟೀ ಅಂಗಡಿಯಲ್ಲಿ ಎದ್ದು ಪಕ್ಕಕ್ಕೆ ಕೂತರು. ಇಪ್ಪತ್ತು ವರ್ಷ ಗಾಡಿ ಓಡಿಸಿದವನು ಈಗ ಕೋಲು ಹಿಡಿದು ಕೊಕ್ಕರೆ ಓಡಿಸುತ್ತಿದ್ದಾನೆ.

“ಇಲ್ ಬಂದು ನನ್ ಕಿವೀಲಿ ಹೇಳಿದ್ರೆ ಏನ್ ಬಂತವ್ವಾ” ಅಂದ. “ಕಡೂರಲ್ಲಿ ಹೇಳ್ಬೇಕು. ನಂಗೆ ಹೆಸರು ಬಂದಿದ್ದು ಅಲ್ಲಿ.”

ನಾನು ಇಷ್ಟು ದಿನ ಈ ಪತ್ರ ನನ್ನೊಬ್ಬಳದು ಅಂದುಕೊಂಡಿದ್ದೆ. ಜನರೆಲ್ಲ ನನ್ನ ಕಾಲು ನೋಡುತ್ತಾರೆ, ಅದು ಕಣ್ಣಿಗೆ ಕಾಣುತ್ತದೆ. ಇವನದು ಕಾಣುವುದಿಲ್ಲ.

ವಾಪಸ್ ಬರುವಾಗಲೇ ತೀರ್ಮಾನ ಮಾಡಿದೆ. ಬಸ್‌ಸ್ಟಾಪಿನಿಂದಲೇ ಸರ್‌ಗೆ ಫೋನ್. ಕಡೂರಿನಲ್ಲಿ, ಜನರ ಎದುರು, ಚಿಕ್ಕಬೀರಪ್ಪ ಹೇಳಿದ್ದು ನಿಜ ಅಂತ ತೀರ್ಥೇಶ ಹೇಳಲಿ. ಆಮೇಲೆ ನನ್ನ ಕಾಗದ. ಬಸ್ ಬಂತು, ಫೋನ್ ಹಿಡಿದೇ ಹತ್ತಿದೆ. ಇದು ನನಗೆ ಹೊಳೀಬೇಕಿತ್ತು ಅಂದರು ಸರ್.

ಅಕ್ಟೋಬರ್ 4, ಶನಿವಾರ

ಕರಿಯಪ್ಪನವರು ಫೋನ್ ಮಾಡಿದ್ದರು. ತೀರ್ಥೇಶನ ಅಪ್ಪ. ನಾಲ್ಕು ವರ್ಷದಲ್ಲಿ ಮೊದಲ ಸಲ ನೇರ ನನ್ನ ಜೊತೆ.

ಮಗ ಜೈಲು ನೋಡಿ ಬಂದ, ಇನ್ನೂ ಸಾಲದಾ ಅಂದರು. ನಡುಬೀದಿಯಲ್ಲಿ ನಿಂತು ಮನೆತನದ ಮಾನ ಕಳೆಯಬೇಕಾ ಅಂದರು. ನನಗೆ ಅವರ ಮೇಲೆ ಕೋಪ ಬರಬೇಕಿತ್ತು. ದನಿ ಕೇಳಿದರೆ ಮುದುಕರಾಗಿದ್ದಾರೆ. ಆದರೂ ಹೇಳಿದೆ, ಮಾನ ಅವತ್ತೇ ಹೋಯಿತು ಯಜಮಾನರೇ, ಇನ್ನೊಬ್ಬರ ತಲೆಗೆ ಕಟ್ಟಿದಾಗ. ಈಗ ಸ್ವಲ್ಪ ವಾಪಸ್ ಬಂದರೂ ಬಂದೀತು.

ಫೋನ್ ಇಟ್ಟರು.

ಸರ್ ಹೇಳಿದರು, ತೀರ್ಥೇಶ ಅಪ್ಪನ ಮಾತು ಮೀರಲಾರ. ಅಲ್ಲಿಗೆ ಮುಗಿಯಿತು. ಬೇಜಾರಾಯಿತು. ಯಾಕೆ ಅಂತ ನನಗೇ ಗೊತ್ತಿಲ್ಲ.

ಮೈಸೂರಿಗೆ ಎರಡು ವಾರ. ಉದ್ದ ಕಾಲಿಗೆ ಉಪಾಯ ಸಿಕ್ಕಿದೆ. ಪಿಯು ಕಾಲೇಜಿನ ಲಾಂಗ್ ಜಂಪ್ ಹುಡುಗಿಯರನ್ನು ಕರೆದು ರೇಡ್ ಮಾಡಿಸುತ್ತಿದ್ದೇನೆ. ಕಬಡ್ಡಿ ಬರುವುದಿಲ್ಲ ಅವರಿಗೆ, ನಗುತ್ತಾರೆ, ಉಸಿರು ಬಿಡುತ್ತಾರೆ. ಆದರೆ ಕಾಲು ಕಾಲೇ.

ಅಕ್ಟೋಬರ್ 18, ಶನಿವಾರ. ಮೈಸೂರು. ಸಂಜೆ 5.30

ವಿಭಾಗ ಚಾಂಪಿಯನ್ಸ್.

ಅಕ್ಟೋಬರ್ 19, ಭಾನುವಾರ

ನಿನ್ನೆ ಅಷ್ಟೇ ಬರೆಯಲಾದದ್ದು.

ಎಂಟು ಜಿಲ್ಲೆಯ ಟೀಮುಗಳು. ಕೆಲವರಿಗೆ ಮ್ಯಾಟ್ ಇದೆ, ಹಾಸ್ಟೆಲ್ ಇದೆ, ಇಬ್ಬಿಬ್ಬರು ಕೋಚ್. ನಮಗೆ ಸುಣ್ಣದ ಗೆರೆ. ಫೈನಲ್ 33–29. ಮ್ಯಾಟಿನ ಮೇಲೆ ಮೊದಲ ಸಲ ಆಡಿದ್ದು, ಮೊದಲ ಹತ್ತು ನಿಮಿಷ ಜಾರಿ ಜಾರಿ ಬಿದ್ದರು. ಆಮೇಲೆ ಜಾರುವುದನ್ನೇ ಉಪಯೋಗಿಸಿಕೊಂಡರು. ನಾನು ಹೇಳಿಕೊಟ್ಟದ್ದಲ್ಲ. ಅವರೇ ಕಂಡುಕೊಂಡದ್ದು. ಅದಕ್ಕೇ ಹೆಚ್ಚು ಖುಷಿ.

ಒಬ್ಬ ಅಧಿಕಾರಿ ಕೈ ಕುಲುಕಿ, ನೀವು ಯಾವ ಮಟ್ಟದಲ್ಲಿ ಆಡಿದ್ದಿರಿ ಮೇಡಂ ಅಂದರು. ಕಾಲು ನೋಡಿ ಕೇಳಿದ್ದಲ್ಲ. ಹುಡುಗಿಯರ ಹಿಡಿತ ನೋಡಿ ಕೇಳಿದ್ದು.

ಯಾರ ಸಹಾಯವೂ ಬೇಕಾಗಲಿಲ್ಲ.

ಅಕ್ಟೋಬರ್ 26, ಭಾನುವಾರ. ಸಂಜೆ 7

ಇದನ್ನು ಕ್ರಮವಾಗಿ ಬರೆಯಬೇಕು.

ಬಳಗದವರು ಕಡೂರಿನಲ್ಲಿ ನಮಗೆ ಸನ್ಮಾನ ಇಟ್ಟಿದ್ದರು. ಬಯಲಿನಲ್ಲಿ ಶಾಮಿಯಾನ. ಮುನ್ನೂರು ನಾನ್ನೂರು ಜನ. ಹನ್ನೊಂದು ಹುಡುಗಿಯರಿಗೂ ಶಾಲು, ಪ್ರಜ್ಞಾಗೆ ಶಾಲು ಮೊಣಕಾಲು ದಾಟುತ್ತಿತ್ತು. ನನಗೂ ಹೊದಿಸಿದರು. ಸರ್ ಮಾತಾಡಲು ನಿಂತು, ಮೊದಲ ಸಾಲಿನಲ್ಲೇ ಕಣ್ಣೊರೆಸಿಕೊಂಡು ಕೂತುಬಿಟ್ಟರು.

ಅಷ್ಟರಲ್ಲಿ ಜನರ ನಡುವಿನಿಂದ ತೀರ್ಥೇಶ ಎದ್ದು ಬಂದ. ಯಾರೂ ಕರೆದಿರಲಿಲ್ಲ. ಸರ್ ಮುಖ ನೋಡಿದೆ, ಅವರಿಗೂ ಗೊತ್ತಿರಲಿಲ್ಲ. ಸ್ಟೇಜ್ ಹತ್ತಲಿಲ್ಲ. ಕೆಳಗೆ ನಿಂತೇ ನಿರೂಪಣೆ ಮಾಡುತ್ತಿದ್ದವನ ಕೈಯಿಂದ ಮೈಕ್ ತೆಗೆದುಕೊಂಡ. ಕೆಲವರು ಚಪ್ಪಾಳೆ ಶುರು ಮಾಡಿದರು, ಹಳೆಯ ಅಭಿಮಾನಿಗಳು. ಕೈ ಎತ್ತಿ ನಿಲ್ಲಿಸಿದ.

“ಆವತ್ತು ಕಾರ್ ಓಡಿಸ್ತಿದ್ದೋನು ನಾನು. ಮಾಲಿನಿ ಬಿದ್ದಿರೋದ್ ನೋಡಿ ಓಡೋಗಿದ್ದೂ ನಾನು. ಚಿಕ್ಕಬೀರಣ್ಣನ್ನ ಸ್ಟೇಷನ್ನಿಗೆ ಕಳ್ಸಿದ್ದು ನಮ್ಮನೆ. ಕೋರ್ಟಲ್ಲಿ ಅವ್ನು ಹೇಳಿದ್ದು ನಿಜ, ನಾನ್ ಹೇಳಿದ್ದು ಸುಳ್ಳು. ಅವ್ನಿಗೆ ಯಾರೂ ಹೇಳ್ಕೊಡ್ಲಿಲ್ಲ. ಮನೆಮುರುಕ ಅಂತ ಯಾರಿಗಾದ್ರೂ ಅನ್ನೋದಿದ್ರೆ ಇನ್ಮೇಲೆ ನಂಗೇ ಅನ್ನಿ.”

ಮೈಕ್ ವಾಪಸ್ ಕೊಟ್ಟ. ಚಪ್ಪಾಳೆಯಿಲ್ಲ. ಶಾಮಿಯಾನದ ಹಗ್ಗ ಗಾಳಿಗೆ ಬಡಿಯುವುದು ಕೇಳುತ್ತಿತ್ತು. ಮೂರನೇ ಸಾಲಿನಲ್ಲಿದ್ದ ಕರಿಯಪ್ಪನವರು ಎದ್ದು ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಟರು. ಮಗ ಅವರ ಹಿಂದೆ ಹೋಗಲಿಲ್ಲ. ಅಲ್ಲೇ ನಿಂತ.

ಚಿಕ್ಕಬೀರಪ್ಪ ಹಿಂದುಗಡೆ ನಿಂತಿದ್ದ. ನಾನೇ ಬರಹೇಳಿದ್ದೆ, ಸನ್ಮಾನ ನೋಡಲು. ಇಂಥದ್ದು ನಡೆಯುತ್ತದೆ ಅಂತ ನನಗಾದರೂ ಏನು ಗೊತ್ತು. ಅವನ ಪಕ್ಕದಲ್ಲಿದ್ದ ಒಬ್ಬ ಮುದುಕ, ಕಡೂರಿನವನೇ ಇರಬೇಕು, ತಾನು ಕೂತಿದ್ದ ಕುರ್ಚಿಯಿಂದ ಎದ್ದು ಅವನಿಗೆ ಕೊಟ್ಟ. ಚಿಕ್ಕಬೀರಪ್ಪ ಬೇಡ ಬೇಡ ಅಂದ. ಮುದುಕ ಬಿಡಲಿಲ್ಲ. ಕೂತ. ಬೆನ್ನು ನೆಟ್ಟಗೆ ಮಾಡಿಕೊಂಡು ಕಾರ್ಯಕ್ರಮ ಮುಗಿಯುವ ತನಕ ಕೂತಿದ್ದ.

ಬರುವಾಗ ನನ್ನ ಹತ್ತಿರ ಬಂದು, “ಸಾಕವ್ವಾ. ಬರ್ದು ಕೊಡು” ಅಂದ.

ಹೆಮ್ಮೆ ಅನ್ನಿಸಿತು. ಹುಡುಗಿಯರ ಬಗ್ಗೆ, ಚಿಕ್ಕಬೀರಪ್ಪನ ಬಗ್ಗೆ. ತೀರ್ಥೇಶನ ಬಗ್ಗೆ ಅಲ್ಲ ಅಂತ ಬರೆಯಲು ಹೊರಟೆ. ಇದರಲ್ಲೂ ಸುಳ್ಳು ಬರೆದರೆ ಇದು ಯಾಕೆ ಬೇಕು. ಸ್ವಲ್ಪ ಅವನ ಬಗ್ಗೆಯೂ.

ಅಕ್ಟೋಬರ್ 27, ಸೋಮವಾರ

ಟೈಪ್ ಮಾಡಿಸಿದ ಕಾಗದಕ್ಕೆ ಸಹಿ ಹಾಕಲಿಲ್ಲ. ನನ್ನ ಕೈಯಲ್ಲೇ ಬರೆದೆ. ಇಲ್ಲಿ ನಕಲು ಇಡುತ್ತೇನೆ.

‘ಕಬಡ್ಡಿ ಬಳಗದ ಅಧ್ಯಕ್ಷರಿಗೆ. ತೀರ್ಥೇಶ್ ಬಿನ್ ಕರಿಯಪ್ಪ ಇವರು ನನಗೆ ಮಾಡಿದ್ದಕ್ಕೆ ನ್ಯಾಯಾಲಯ ಶಿಕ್ಷೆ ಕೊಟ್ಟಿದೆ. ಅದನ್ನು ಅವರು ಪೂರ್ತಿ ಅನುಭವಿಸಿದ್ದಾರೆ. ಅದಕ್ಕಿಂತ ಒಂದು ದಿನ ಹೆಚ್ಚು ಶಿಕ್ಷೆ ಕೊಡುವ ಅಧಿಕಾರ ನನಗಿಲ್ಲ, ನಿಮಗೂ ಇಲ್ಲ. ಶ್ರೀ ಚಿಕ್ಕಬೀರಪ್ಪನವರಿಗೆ ಮಾಡಿದ್ದನ್ನು ನಿನ್ನೆ ಸಾರ್ವಜನಿಕವಾಗಿ ಒಪ್ಪಿಕೊಂಡಿದ್ದಾರೆ. ಅವರು ಆಡಲು ನನ್ನ ಆಕ್ಷೇಪಣೆ ಇಲ್ಲ. ಇದನ್ನು ಕ್ಷಮಾಪಣೆ ಎಂದು ಓದಬಾರದು. ಅವರ ಜೊತೆ ಫೋಟೋಗೆ ನಾನು ನಿಲ್ಲುವುದಿಲ್ಲ. ಮುಂದೆ ಮಕ್ಕಳ ಶಿಬಿರದ ಫ್ಲೆಕ್ಸಿನಲ್ಲಿ ಅವರನ್ನು ಆದರ್ಶ ಎಂದು ಹಾಕುವುದಾದರೆ ಮೊದಲು ನನ್ನನ್ನು ಕೇಳಬೇಕು.’

ಸರ್ ಓದಿ, ಸ್ವಲ್ಪ ಉದ್ದ ಆಯ್ತಲ್ಲಮ್ಮ, ಮೊದಲ ಐದು ಸಾಲು ಸಾಕಲ್ವಾ ಅಂದರು. ಒಂದಕ್ಷರ ತೆಗೆದರೂ ಕಾಗದ ವಾಪಸ್ ಅಂದೆ. ನಕ್ಕು ಜೇಬಿಗೆ ಹಾಕಿಕೊಂಡರು.

ನವೆಂಬರ್ 16, ಭಾನುವಾರ

ತರೀಕೆರೆ. ಹೋಗುವುದು ಬೇಡ ಅಂದುಕೊಂಡಿದ್ದೆ. ಹುಡುಗಿಯರು ದೊಡ್ಡವರ ಆಟ ನೋಡಬೇಕು ಅಂದರು. ಹೌದು, ರಾಜ್ಯ ಮಟ್ಟಕ್ಕೆ ಎರಡು ವಾರ ಇದೆ, ನೋಡಲಿ.

ತೀರ್ಥೇಶ ಮೊದಲ ಏಳರಲ್ಲಿರಲಿಲ್ಲ. ಸೆಕೆಂಡ್ ಹಾಫ್‌ನಲ್ಲಿ ಇಳಿದ. ಒಂದು ಕಡೆಯಿಂದ ಶಿಳ್ಳೆ. ಇನ್ನೊಂದು ಕಡೆ ನಾಲ್ಕು ಹುಡುಗರು ‘ಜೈಲು, ಜೈಲು’ ಅಂತ ಕೂಗಿದರು. ನನ್ನ ಹುಡುಗಿಯರೆಲ್ಲ ಒಟ್ಟಿಗೆ ನನ್ನ ಮುಖ ನೋಡಿದರು, ಕೂಗಬೇಕೋ ಬೇಡವೋ ಅಂತ. ಆಟ ನೋಡಿ ಅಂದೆ.

ಮೊದಲ ರೇಡ್‌ನಲ್ಲೇ ಸಿಕ್ಕಿಬಿದ್ದ. ಮೊದಲಿನ ವೇಗವಿಲ್ಲ. ಎರಡನೆಯದರಲ್ಲಿ ಬೋನಸ್. ಮೂರನೆಯದರಲ್ಲಿ ಇಬ್ಬರನ್ನು ಮುಟ್ಟಿ ಬಂದ, ಆಗ ಮಾತ್ರ ಒಂದು ಕ್ಷಣ ಹಳೆಯ ತೀರ್ಥೇಶ ಕಂಡ. ಮತ್ತೆ ಸಿಕ್ಕಿಬಿದ್ದ. ಅವರ ಟೀಮು ಆರು ಪಾಯಿಂಟಿನಿಂದ ಸೋತಿತು. ಎದ್ದು ಮೈಮಣ್ಣು ಕೊಡವಿಕೊಂಡು ಎದುರಾಳಿಗಳ ಕೈ ಕುಲುಕಿದ. ‘ಜೈಲು’ ಅಂದ ಹುಡುಗರ ಕಡೆಗೂ ಒಮ್ಮೆ ನೋಡಿದ, ಸುಮ್ಮನೆ.

ಅವನು ಸಿಕ್ಕಿಬಿದ್ದಾಗ ನನಗೆ ಖುಷಿಯಾಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ. ಪಾಪ ಅಂತಲೂ ಅನ್ನಿಸಲಿಲ್ಲ. ಎಡ ಮೂಲೆಯವನು ಹಿಡಿದ ರೀತಿ ಚೆನ್ನಾಗಿತ್ತು, ಅದನ್ನೇ ಹುಡುಗಿಯರಿಗೆ ತೋರಿಸಿದೆ. ನಾಲ್ಕು ವರ್ಷದ ಮೇಲೆ ಅವನ ಆಟವನ್ನು ಬರೀ ಆಟ ಅಂತ ನೋಡಿದೆ. ನನಗೆ ಇದು ಸಣ್ಣ ವಿಷಯವಲ್ಲ.

ಲೋಕಲ್ ಪೇಪರಿನವರು ಕ್ಷಮಿಸಿದ್ದೀರಾ ಮೇಡಂ ಅಂತ ನೋಟ್‌ಬುಕ್ ಹಿಡಿದು ಕೇಳಿದರು.

“ಆಡ್ಲಿ ಅಂದಿದೀನಿ. ಕ್ಷಮಿಸಿದೀನಿ ಅಂದಿಲ್ಲ. ಎರಡೂ ಬೇರೆ ಬೇರೆ ಕಣ್ರೀ.”

ಬರೆದುಕೊಳ್ಳಲಿಲ್ಲ. ಹಾಗಾದರೆ ಪ್ರಜ್ಞಾಳ ಹೆಸರಾದರೂ ಬರೆದುಕೊಳ್ಳಿ, ಕಾಗುಣಿತ ಸರಿಯಾಗಿರಲಿ ಅಂದೆ.

ಹುಡುಗಿಯರನ್ನು ವಾಪಸ್ ಕರೆತಂದ ಟೆಂಪೋ ಚಿಕ್ಕಬೀರಪ್ಪನದು. ಅವನದಲ್ಲ, ಬೀರೂರಿನ ಮಾಲೀಕರದು, ಸ್ಟೇರಿಂಗ್ ಅವನದು. ಹತ್ತು ದಿನ ಆಯಿತಂತೆ. ಅಜ್ಜಂಪುರದ ತನಕ ಒಂದು ಸಲವೂ ಐವತ್ತು ದಾಟಲಿಲ್ಲ. ಹುಡುಗಿಯರು ಹಿಂದೆ ಗೊಣಗಿದರು, ಅವನು ಕೇಳಿಸಿಕೊಳ್ಳಲಿಲ್ಲ.

ನವೆಂಬರ್ 29, ಶನಿವಾರ. ಮಂಡ್ಯ. ಬೆಳಿಗ್ಗೆ 9.35

ರಾಜ್ಯ ಮಟ್ಟ. ನಾಲ್ಕು ವಿಭಾಗ, ನಾಲ್ಕು ಟೀಮು. ಹತ್ತು ಗಂಟೆಗೆ ಸೆಮಿಫೈನಲ್, ಬೆಳಗಾವಿ ವಿಭಾಗದವರ ಮೇಲೆ. ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ, ಇಲ್ಲದಿದ್ದರೆ ಉಗುರು ಕಚ್ಚುತ್ತೇನೆ, ಹುಡುಗಿಯರು ನೋಡಿಬಿಡುತ್ತಾರೆ.

ಸರ್ ಮೆಸೇಜ್ ಬಂದಿದೆ. ಲೀಗಿನವರು ತೀರ್ಥೇಶನನ್ನು ತೆಗೆದುಕೊಳ್ಳಲಿಲ್ಲ. ಜೈಲಿನ ಕಾರಣಕ್ಕಲ್ಲ, ವೇಗ ಸಾಲದು ಅಂದರಂತೆ. ಮುಂದಿನ ವರ್ಷ ಮತ್ತೆ ಬರುತ್ತೇನೆ ಅಂದನಂತೆ ಇವನು. ಬೆಳಿಗ್ಗೆ ಐದಕ್ಕೆ ಕಡೂರು ಬಯಲಿನಲ್ಲಿ ಒಬ್ಬನೇ ಓಡುತ್ತಿದ್ದಾನಂತೆ.

ಓಡಲಿ. ಅವಕಾಶ ಅಂದರೆ ಅಷ್ಟೇ. ಗೆರೆಯ ಒಳಗೆ ಬಿಡುವುದು. ಗೆಲ್ಲಿಸಿಕೊಡುವುದಲ್ಲ.

ಫೋನ್ ಬ್ಯಾಗಿಗೆ ಹಾಕಿದೆ.

ಗ್ಯಾಲರಿ ತುಂಬಿದೆ. ಬೆಳಗಾವಿಯವರು ಎತ್ತರ. ನಮ್ಮವರು ಹೆದರಿದ್ದಾರೆ, ಆದರೆ ಹೆದರಿದ್ದು ಕಾಣಿಸುತ್ತಿಲ್ಲ, ಅದನ್ನು ಎಲ್ಲಿ ಕಲಿತರೋ. ಪ್ರಜ್ಞಾ ಒಬ್ಬೊಬ್ಬರ ಜಡೆಯನ್ನೂ ಎಳೆದು ನೋಡಿ ಬಿಗಿ ಮಾಡುತ್ತಿದ್ದಾಳೆ. ನನ್ನ ಹತ್ತಿರ ಬಂದು, ಮಿಸ್, ಸೋತ್ರೆ ಬೈತೀರಾ ಅಂದಳು. ಸರಿಯಾಗಿ ಬೀಳದಿದ್ದರೆ ಬೈತೀನಿ ಅಂದೆ. ಹೋದಳು.

ಮೈಕ್‌ನಲ್ಲಿ ಹೆಸರು ಕೂಗಲು ಶುರು ಮಾಡಿದರು. ಹೆಸರು ಬಂದವರು ಓಡಿ ಹೋಗಿ ಗೆರೆಯ ಮೇಲೆ ನಿಲ್ಲಬೇಕು. ಒಬ್ಬೊಬ್ಬಳೇ ಹೋಗುತ್ತಿದ್ದಾಳೆ. ಪ್ರಜ್ಞಾ, ಅಜ್ಜಂಪುರ, ಕ್ಯಾಪ್ಟನ್. ಎಷ್ಟು ಚಪ್ಪಾಳೆ.

ಮುಂದೆ ತರಬೇತುದಾರರು ಅಂತೆ. ನನಗೆ ಯಾರೂ ಹೇಳಿರಲಿಲ್ಲ. ಮಾಲಿನಿ, ಅಜ್ಜಂಪುರ ಅನ್ನುತ್ತಿದ್ದಾರೆ. ಹನ್ನೊಂದು ಹುಡುಗಿಯರೂ ತಿರುಗಿ ನೋಡುತ್ತಿದ್ದಾರೆ. ನನಗೆ ಓಡಲು ಬರುವುದಿಲ್ಲ. ನಡೆದೇ ಹೋಗುತ್ತೇನೆ. ಇಡೀ ಮೈದಾನ ನೋಡಲಿ, ನಾನು ಹೇಗೆ ನಡೆಯುತ್ತೇನೆ ಅಂತ.